ಹೊಣೆಯರಿತ ಹೂಡಿಕೆಗೆ ಲಾಭವೆಷ್ಟು? ಮಂಡ್ಯದ ನಾಲ್ಕು ತಾಲ್ಲೂಕುಗಳ ಪಾಠ

ಪರಿಸರಕ್ಕಾಗಲೀ ಜನರಿಗಾಗಲೀ ಕೇಡು ಬಗೆಯದ ಉದ್ಯಮಗಳನ್ನು ಆರಿಸಿ ಹಣ ತೊಡಗಿಸುವುದಕ್ಕೆ ಸಾಮಾಜಿಕ ಹೊಣೆಗಾರಿಕೆಯ ಹೂಡಿಕೆ ಎಂದು ಹೆಸರು. ಮದ್ಯ, ತಂಬಾಕು, ಜೂಜು, ಶಸ್ತ್ರಾಸ್ತ್ರ ಕಂಪನಿಗಳನ್ನು ದೂರವಿಡುವುದು ಇದರ ಹಳೆಯ ರೂಪ. ಪರಿಸರ, ಸಮಾಜ, ಆಡಳಿತ ಎಂಬ ಮೂರು ಅಳತೆಗೋಲುಗಳಿಂದ ಕಂಪನಿಯನ್ನು ಪರೀಕ್ಷಿಸುವ ‘ಇಎಸ್‌ಜಿ’ ಪದ್ಧತಿ ಹೊಸ ರೂಪ. ಹೀಗೆ ಆರಿಸಿ ಹೂಡಿದರೆ ಲಾಭ ಕುಗ್ಗುವುದೇ ಎಂಬುದು ಹೂಡಿಕೆದಾರರ ಮೊದಲ ಪ್ರಶ್ನೆ.

ಅಧ್ಯಯನಗಳು ಹೇಳುವುದೇನು?

ಫ್ರೀಡೆ, ಬುಷ್ ಮತ್ತು ಬಾಸನ್ ಎಂಬ ಸಂಶೋಧಕರು 2015ರಲ್ಲಿ ಸುಮಾರು 2,200 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಶೇ 90ರಷ್ಟು ಅಧ್ಯಯನಗಳಲ್ಲಿ ಹೊಣೆಗಾರಿಕೆಗೂ ಆರ್ಥಿಕ ಸಾಧನೆಗೂ ವಿರೋಧ ಕಂಡುಬರಲಿಲ್ಲ. ಆದರೆ ಹಾಂಗ್ ಮತ್ತು ಕಾಸ್ಪರ್‌ಸಿಕ್ 2009ರಲ್ಲಿ ಪ್ರಕಟಿಸಿದ ಅಧ್ಯಯನವು ಮದ್ಯ, ತಂಬಾಕು, ಜೂಜಿನ ಷೇರುಗಳು ಹೆಚ್ಚು ಪ್ರತಿಫಲ ನೀಡಿದ್ದನ್ನು ತೋರಿಸಿತು. ಬಹುಮಂದಿ ದೂರವಿಟ್ಟ ಷೇರು ಅಗ್ಗವಾಗಿ ಸಿಗುವುದೇ ಅದಕ್ಕೆ ಅವರು ನೀಡಿದ ಕಾರಣ. ಉಕ್ರೇನ್ ಯುದ್ಧದಿಂದ ತೈಲ, ಕಲ್ಲಿದ್ದಲು ದುಬಾರಿಯಾದ 2022ರಲ್ಲಿ ಅನೇಕ ಇಎಸ್‌ಜಿ ನಿಧಿಗಳು ಹಿಂದೆ ಬಿದ್ದವು.

ಒಳ್ಳೆಯ ಉದ್ದೇಶಕ್ಕೆ ಮಾರುಕಟ್ಟೆ ಬಹುಮಾನ ಕೊಡುವುದಿಲ್ಲ, ದಂಡವನ್ನೂ ವಿಧಿಸುವುದಿಲ್ಲ. ಲೆಕ್ಕಪತ್ರದಲ್ಲಿ ಕಾಣದ ಅಪಾಯವನ್ನು ಮೊದಲೇ ಗುರುತಿಸಿದಾಗ ಮಾತ್ರ ಹೂಡಿಕೆದಾರನಿಗೆ ಪ್ರಯೋಜನ. ಮೂರೂ ಅಳತೆಗೋಲುಗಳು ಹಣದ ಲೆಕ್ಕವಾಗಿ ಮಾರ್ಪಡುವ ಬಗೆಯನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಕಾಣಬಹುದು.

ಪರಿಸರ: ಅಣೆಕಟ್ಟು ಮತ್ತು ಕಲ್ಲುಗಣಿ

ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ಕೃಷ್ಣರಾಜಸಾಗರ ಅಣೆಕಟ್ಟು, ಪಕ್ಕದ ಪಾಂಡವಪುರ ತಾಲ್ಲೂಕಿನಲ್ಲಿ ಬೇಬಿ ಬೆಟ್ಟದ ಕಲ್ಲುಗಣಿಗಳು. ಸ್ಫೋಟದ ಕಂಪನದಿಂದ ಅಣೆಕಟ್ಟಿಗೆ ಧಕ್ಕೆಯಾಗಬಹುದೆಂಬ ಆತಂಕ ವರ್ಷಗಳಿಂದ ವ್ಯಕ್ತವಾಗುತ್ತಿತ್ತು. ಅಣೆಕಟ್ಟು ಸುರಕ್ಷತಾ ಕಾಯ್ದೆ–2021ರ ಅನ್ವಯ ಅಧ್ಯಯನ ಮುಗಿಯುವವರೆಗೆ ಅಣೆಕಟ್ಟಿನ 20 ಕಿ.ಮೀ. ಸುತ್ತಳತೆಯಲ್ಲಿ ಗಣಿಗಾರಿಕೆ ನಡೆಸಬಾರದೆಂದು 2024ರ ಜನವರಿಯಲ್ಲಿ ಹೈಕೋರ್ಟ್ ಆದೇಶಿಸಿತು. ಗಣಿ, ಕ್ರಷರ್, ಲಾರಿಗಳ ಮೇಲೆ ಹಾಕಿದ ಬಂಡವಾಳ ಒಂದೇ ಆದೇಶದಿಂದ ನಿಷ್ಫಲವಾಗಬಲ್ಲದು ಎಂಬುದನ್ನು ಇದು ತೋರಿಸಿತು. ಅಂದಿನವರೆಗಿನ ಲಾಭದ ಲೆಕ್ಕದಲ್ಲಿ ಈ ಅಪಾಯಕ್ಕೆ ಬೆಲೆಯೇ ಇರಲಿಲ್ಲ.

ಸಮಾಜ: ಕಿರುಸಾಲದ ಏರಿಳಿತ

ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಮಳೆಯಾಶ್ರಿತ ಹಳ್ಳಿಗಳಲ್ಲಿ ಬೆಳೆ ಕೈಕೊಟ್ಟರೆ ಸಾಲವೇ ಆಸರೆ. ಅಡಮಾನವಿಲ್ಲದೆ ಮಹಿಳಾ ಗುಂಪುಗಳಿಗೆ ಸಾಲ ಕೊಡುವ ಮೈಕ್ರೋಫೈನಾನ್ಸ್, ಲಾಭ ಮತ್ತು ಲೋಕಹಿತ ಎರಡನ್ನೂ ಕೊಡುವ ಹೂಡಿಕೆಯೆಂದು ಜಗತ್ತಿನಾದ್ಯಂತ ಹೆಸರಾಯಿತು. ಹೈದರಾಬಾದಿನ ಎಸ್‌ಕೆಎಸ್ ಸಂಸ್ಥೆ 2010ರಲ್ಲಿ 985 ರೂ. ದರದಲ್ಲಿ ಷೇರು ವಿತರಿಸಿತು. ಬಲವಂತದ ವಸೂಲಿಯ ದೂರುಗಳ ಬೆನ್ನಲ್ಲೇ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು. 2012ರ ವೇಳೆಗೆ ಷೇರಿನ ಬೆಲೆ 100 ರೂ.ಗಿಂತ ಕೆಳಗಿಳಿದಿತ್ತು.

ಕರ್ನಾಟಕದಲ್ಲಿ ಇದೇ ಚಿತ್ರ 2025ರಲ್ಲಿ ಮರುಕಳಿಸಿತು. ಮಂಡ್ಯ ಸೇರಿದಂತೆ ಹಲವು ಜಿಲ್ಲೆಗಳಿಂದ ವಸೂಲಿ ಕಿರುಕುಳದ ದೂರುಗಳು ಬಂದವು. ಸಾಲಗಾರರ ಆತ್ಮಹತ್ಯೆಗಳೂ ವರದಿಯಾದವು. ಫೆಬ್ರವರಿಯಲ್ಲಿ ಜಾರಿಗೆ ಬಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ ಗರಿಷ್ಠ 10 ವರ್ಷ ಸೆರೆವಾಸ ಮತ್ತು 5 ಲಕ್ಷ ರೂ. ದಂಡ ನಿಗದಿಪಡಿಸಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳು ಇದರ ವ್ಯಾಪ್ತಿಗೆ ಬರದಿದ್ದರೂ, ಅವುಗಳ ಸಾಲ ಮರುಪಾವತಿಯೂ ರಾಜ್ಯದಲ್ಲಿ ಕುಗ್ಗಿತು. ಒಂದೇ ಕುಟುಂಬಕ್ಕೆ ಹಲವು ಸಂಸ್ಥೆಗಳು ಸಾಲ ಕೊಟ್ಟಾಗ ಸಾಲಗಾರರ ಸಂಕಷ್ಟವೇ ಹೂಡಿಕೆದಾರರ ನಷ್ಟವಾಗುತ್ತದೆ. ಕುಟುಂಬದ ಮಾಸಿಕ ಕಂತುಗಳು ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿತ್ತು.

ಆಡಳಿತ: ರೈತರ ಕಾರ್ಖಾನೆ

ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆಯ ಷೇರುದಾರರು ಕಬ್ಬು ಬೆಳೆಗಾರರೇ. ಸಹಕಾರ ಸಂಘದ ಷೇರು ಪೇಟೆಯಲ್ಲಿ ಮಾರಾಟವಾಗುವುದಿಲ್ಲ, ಅದರ ಬೆಲೆ ಏರುವುದೂ ಇಲ್ಲ. ಸಮೀಪದಲ್ಲೇ ಕಬ್ಬು ಅರೆಯುವ ವ್ಯವಸ್ಥೆ ಮತ್ತು ಸಕಾಲದ ಪಾವತಿಯೇ ರೈತನಿಗೆ ಸಿಗಬೇಕಾದ ಪ್ರತಿಫಲ. ಸಾಮಾಜಿಕ ಉದ್ದೇಶದಲ್ಲಿ ಇದಕ್ಕಿಂತ ಉತ್ತಮ ಹೂಡಿಕೆ ಅಪರೂಪ. ಆದರೂ ಕಾರ್ಖಾನೆ ನಷ್ಟಕ್ಕಿಳಿದು ನಿಂತುಹೋಯಿತು. ಬೆಳೆಗಾರರು ಕಬ್ಬನ್ನು ಬೇರೆಡೆಗೆ ಸಾಗಿಸಬೇಕಾಯಿತು. 2020ರಲ್ಲಿ ಅದನ್ನು ನಿರಾಣಿ ಸಮೂಹಕ್ಕೆ 40 ವರ್ಷಗಳ ಗುತ್ತಿಗೆಗೆ ನೀಡಲಾಯಿತು. ಉದ್ದೇಶ ಎಷ್ಟೇ ಉತ್ತಮವಾಗಿದ್ದರೂ ಉದ್ಯಮ ಅದೊಂದರಿಂದಲೇ ನಡೆಯದು ಎಂಬುದಕ್ಕೆ ಇದು ನಿದರ್ಶನ.

ಹೂಡಿಕೆದಾರರು ಗಮನಿಸಬೇಕಾದದ್ದು

ಭಾರತದಲ್ಲಿ ಈ ಮಾದರಿಯ ಮ್ಯೂಚುವಲ್ ಫಂಡ್ 2007ರಲ್ಲೇ ಬಂದಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಕಂಪನಿಗಳು ಹೊಣೆಗಾರಿಕೆ ವರದಿ ಸಲ್ಲಿಸುವುದನ್ನು ಸೆಬಿ 2022–23ರಿಂದ ಕಡ್ಡಾಯಗೊಳಿಸಿತು. ಇಎಸ್‌ಜಿ ನಿಧಿಗಳು ಶೇ 80ರಷ್ಟು ಹಣವನ್ನಾದರೂ ತಾವು ಘೋಷಿಸಿದ ಕಾರ್ಯತಂತ್ರಕ್ಕೆ ಹೊಂದುವಂತೆ ತೊಡಗಿಸಬೇಕೆಂದು 2023ರಲ್ಲಿ ಸೂಚಿಸಿತು.

ನಿಧಿಯ ಹೆಸರಿಗಿಂತ ಅದರಲ್ಲಿರುವ ಷೇರುಗಳ ಪಟ್ಟಿ ಮುಖ್ಯ. ಪ್ರತಿಫಲವನ್ನು ಕನಿಷ್ಠ ಐದು ವರ್ಷಗಳ ಅವಧಿಗೆ, ಸಾಮಾನ್ಯ ಸೂಚ್ಯಂಕದೊಂದಿಗೆ, ನಿರ್ವಹಣಾ ವೆಚ್ಚ ಕಳೆದು ಹೋಲಿಸಬೇಕು. ಗಣಿಯ ನೆಲ ಯಾವುದು, ಸಾಲ ಪಡೆದವರು ತೀರಿಸಬಲ್ಲರೇ, ಆಡಳಿತ ಮಂಡಳಿ ಯಾರಿಗೆ ಉತ್ತರದಾಯಿ ಎಂಬ ಮೂರು ಪ್ರಶ್ನೆಗಳನ್ನು ಹಣ ಹಾಕುವ ಮೊದಲೇ ಕೇಳುವುದು ಕ್ಷೇಮ.