ಅಜ್ಜಿಯ ಬಿಳಿ ಗುಳಿಗೆ ಮತ್ತು ನರಿಯ ಕೈಗವಸು

ನಮ್ಮಜ್ಜಿ ಕೊನೆಯ ಏಳೆಂಟು ವರ್ಷ ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಪುಟ್ಟ ಬಿಳಿ ಗುಳಿಗೆ ನುಂಗುತ್ತಿದ್ದರು. ಅದು ಹೃದಯದ್ದು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು, ಶನಿವಾರ ಭಾನುವಾರ ಬೇಡ ಅಂತ ಶಿವಮೊಗ್ಗದ ಡಾಕ್ಟರು ಬರೆದುಕೊಟ್ಟಿದ್ದರು. "ನನ್ನ ಗುಳಿಗೆಗೂ ನಿನ್ನ ಕಂಪ್ಯೂಟರ್ ಕೆಲಸದ ಹಾಗೇ ವಾರಕ್ಕೆ ಎರಡು ದಿನ ರಜ ಕಣೋ" ಅಂತ ಅಜ್ಜಿ ನಗುತ್ತಿದ್ದರು.

ಒಂದು ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿ ಮಂಕಾಗಿದ್ದರು. ಊಟ ಸೇರುವುದಿಲ್ಲ, ವಾಕರಿಕೆ. ಮೂರನೇ ದಿನ ಊಟಕ್ಕೆ ಕೂತವರು ತಟ್ಟೆ ನೋಡಿ, "ಅನ್ನ ಯಾಕೋ ಹಳದಿ ಕಾಣ್ತದಲ್ಲ ಮಗಾ, ಅರಿಶಿನ ಏನಾದ್ರೂ ಬಿದ್ದಿದೆಯಾ?" ಅಂದರು. ನಾವೆಲ್ಲ ನಕ್ಕೆವು. ವಯಸ್ಸಾಯಿತು, ಕಣ್ಣಿನ ಪೊರೆ ಇರಬೇಕು ಅಂದುಕೊಂಡೆವು. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

ಮಾರನೇ ದಿನ ಅಜ್ಜಿ ಬಚ್ಚಲುಮನೆ ಬಾಗಿಲಲ್ಲಿ ತಲೆ ತಿರುಗಿ ಕೂತುಬಿಟ್ಟರು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ನಾಡಿ ನೋಡಿದರು. ನಿಮಿಷಕ್ಕೆ 38! ಅವರು ಕೇಳಿದ ಮೊದಲ ಪ್ರಶ್ನೆ, "ಅಜ್ಜಿ, ಬೆಳಕೆಲ್ಲ ಹಳದಿ ಕಾಣ್ತದಾ?" ಎರಡನೆಯದು, "ಗುಳಿಗೆ ಎಷ್ಟು ತಗೊಂಡ್ರಿ?"

ಆಗ ಗುಟ್ಟು ಹೊರಗೆ ಬಂತು. ಹಬ್ಬಕ್ಕೆ ಮೊದಲು ಕಾಲು ಸ್ವಲ್ಪ ಬಾತಿತ್ತಂತೆ. ಹಬ್ಬದ ಕೆಲಸ ಇದೆಯಲ್ಲ, ಬೇಗ ವಾಸಿಯಾಗಲಿ ಅಂತ ಅಜ್ಜಿ ಹತ್ತು ದಿನದಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುತ್ತಿದ್ದರು. ರಜ ಕೂಡ ಇಲ್ಲದೆ. "ಒಂದಕ್ಕೆ ಇಷ್ಟು ಗುಣ ಕಂಡರೆ ಎರಡಕ್ಕೆ ಇನ್ನೂ ಬೇಗ ಕಾಣಬೇಕಲ್ಲ?" ಅನ್ನುವುದು ಅವರ ಲೆಕ್ಕ. ಜೊತೆಗೆ ಕೆಮ್ಮಿಗೆ ದಿನಾ ಜ್ಯೇಷ್ಠಮಧುವಿನ ಕಷಾಯ ಬೇರೆ.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಅಜ್ಜಿ ಮನೆಗೆ ಬಂದರು. ಅಲ್ಲಿ ಕಾಯುತ್ತ ಕೂತಿದ್ದಾಗ ನನಗೆ ಆ ಗುಳಿಗೆಯ ಹಿಂದೆ ಬೀಳುವ ಹುಚ್ಚು ಹತ್ತಿತು. ಅದರ ಹೆಸರು ಡಿಗಾಕ್ಸಿನ್. ಅದರ ಮೂಲ ಹುಡುಕುತ್ತ ಹೋದರೆ ಸಿಕ್ಕಿದ್ದು ಇಂಗ್ಲೆಂಡಿನ ಬೇಲಿಬದಿಯ ಒಂದು ಹೂವಿನ ಗಿಡ ಮತ್ತು ನಮ್ಮಜ್ಜಿಯಂಥದ್ದೇ ಒಬ್ಬ ಮುದುಕಿ.

ಆ ಗಿಡದ ಹೆಸರು ಫಾಕ್ಸ್‌ಗ್ಲವ್, ಅಂದರೆ ನರಿಯ ಕೈಗವಸು. ಎದೆಯೆತ್ತರದ ದಂಟು, ಅದರ ತುಂಬ ಜೋತುಬಿದ್ದ ನೇರಳೆ ಗಂಟೆಗಳಂಥ ಹೂವು. ಒಂದೊಂದು ಹೂವಿನೊಳಗೂ ಬೆರಳು ತೂರಿಸಬಹುದು. ಜರ್ಮನರು ಇದನ್ನು ಕರೆಯುವುದು ಹೊಲಿಗೆಯವರು ಬೆರಳಿಗೆ ಹಾಕಿಕೊಳ್ಳುವ ಟೊಪ್ಪಿಗೆಯ ಹೆಸರಿನಿಂದ. ಅದನ್ನೇ ನೋಡಿಕೊಂಡು 1542ರಲ್ಲಿ ಲಿಯೋನಾರ್ಡ್ ಫುಕ್ಸ್ ಎಂಬ ಜರ್ಮನ್ ವೈದ್ಯ ಲ್ಯಾಟಿನ್‌ನಲ್ಲಿ ಡಿಜಿಟಾಲಿಸ್ ಅಂತ ಹೆಸರಿಟ್ಟ. ಹಳ್ಳಿಗರು ಇದನ್ನು ಗಾಯಕ್ಕೆ, ಗಂಟಲ ಗಂಟಿಗೆ, ಕೆಮ್ಮಿಗೆ ಬಳಸುತ್ತಿದ್ದರು. ಪಂಡಿತರಿಗೆ ಮಾತ್ರ ಇದರ ಮೇಲೆ ನಂಬಿಕೆ ಇರಲಿಲ್ಲ. 1597ರಲ್ಲಿ ದೊಡ್ಡ ಸಸ್ಯಗ್ರಂಥ ಬರೆದ ಜಾನ್ ಜೆರಾರ್ಡ್, ಇದಕ್ಕೆ ಔಷಧಿಗಳ ಸಾಲಿನಲ್ಲಿ ಜಾಗವೇ ಇಲ್ಲ ಅಂದುಬಿಟ್ಟಿದ್ದ.

ಆ ಕಾಲದಲ್ಲಿ ಡ್ರಾಪ್ಸಿ ಅನ್ನುವ ಕಾಯಿಲೆಗೆ ಎಲ್ಲರೂ ಹೆದರುತ್ತಿದ್ದರು. ಕಾಲು, ಹೊಟ್ಟೆ ನೀರು ತುಂಬಿ ಊದಿಕೊಂಡು, ಮಲಗಿದರೆ ಉಸಿರು ಕಟ್ಟಿ, ರೋಗಿ ಕೂತೇ ರಾತ್ರಿ ಕಳೆದು ಕೊನೆಗೆ ಸಾಯುವುದು. ಇಂಥ ಬಹಳಷ್ಟು ರೋಗಿಗಳಲ್ಲಿ ಹೃದಯ ಸೋತಿರುತ್ತದೆ ಅಂತ ಈಗ ಗೊತ್ತು. ಆಗ ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ.

ಶ್ರಾಪ್‌ಷೈರ್ ಎಂಬ ಸೀಮೆಯಲ್ಲಿ ಒಬ್ಬ ಮುದುಕಿ ಇದಕ್ಕೆ ಮನೆಮದ್ದು ಕೊಡುತ್ತಿದ್ದಳು. ದೊಡ್ಡ ವೈದ್ಯರು ಕೈಬಿಟ್ಟ ಕೆಲವರು ಅವಳ ಮದ್ದಿನಿಂದ ಎದ್ದು ಓಡಾಡಿದ್ದರು. ಮದ್ದಿನ ಗುಟ್ಟು ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. 1775ರಲ್ಲಿ ಆ ಮದ್ದಿನ ಬಗ್ಗೆ ಅಭಿಪ್ರಾಯ ಹೇಳಿ ಅಂತ ವಿಲಿಯಂ ವಿದರಿಂಗ್ ಎಂಬ ವೈದ್ಯನ ಮುಂದೆ ವಿಷಯ ಬಂತು. ಅವನು ಅದೇ ಸೀಮೆಯಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಓದಿದವನು, ಸಸ್ಯಶಾಸ್ತ್ರದಲ್ಲೂ ಪಳಗಿದವನು. ಮದ್ದಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪುಗಳಿದ್ದವು. ಕುಡಿದವರಿಗೆ ಜೋರು ವಾಂತಿ, ಭೇದಿ ಆಗುತ್ತಿತ್ತು. ಗಿಡ ಬಲ್ಲವನಿಗೆ ಇದು ಕಷ್ಟದ ಒಗಟಲ್ಲ, ಕೆಲಸ ಮಾಡುತ್ತಿರುವುದು ನರಿಯ ಕೈಗವಸೇ ಅಂತ ಅವನು ತೀರ್ಮಾನಿಸಿದ.

ಇಲ್ಲಿಗೇ ಕಥೆ ಮುಗಿದಿದ್ದರೆ ವಿದರಿಂಗ್ ಮುದುಕಿಯ ಗುಟ್ಟು ಕದ್ದವನು ಅನ್ನಿಸಿಕೊಳ್ಳುತ್ತಿದ್ದ. ಅವನ ದೊಡ್ಡತನ ಇರುವುದು ಮುಂದಿನ ಹತ್ತು ವರ್ಷದಲ್ಲಿ. ಬೇರು ಋತುವಿನಿಂದ ಋತುವಿಗೆ ಬದಲಾಗುತ್ತದೆ ಅಂತ ಅದನ್ನು ಬಿಟ್ಟ. ಎಲೆಯನ್ನು ಹೂ ಬಿಡುವ ಹೊತ್ತಿನಲ್ಲೇ ಕೀಳಬೇಕು, ಒಣಗಿಸಿ ಪುಡಿ ಮಾಡಬೇಕು, ತೂಗಿ ಕೊಡಬೇಕು ಅಂತ ಗೊತ್ತುಮಾಡಿದ. ದೊಡ್ಡವರಿಗೆ ದಿನಕ್ಕೆ ಎರಡು ಸಲ, ಒಂದರಿಂದ ಮೂರು ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಒಂದು ಚಿಟಿಕೆಗಿಂತ ಕಡಿಮೆ! ಮೂತ್ರ, ಹೊಟ್ಟೆ, ನಾಡಿ, ಕರುಳು ಈ ನಾಲ್ಕರಲ್ಲಿ ಯಾವುದರ ಮೇಲೆ ಪರಿಣಾಮ ಕಂಡರೂ ಆ ಕ್ಷಣವೇ ನಿಲ್ಲಿಸಬೇಕು ಅಂದ. 1785ರಲ್ಲಿ ನೂರೈವತ್ತಕ್ಕೂ ಹೆಚ್ಚು ರೋಗಿಗಳ ವಿವರ ಸೇರಿಸಿ ಪುಸ್ತಕ ಹೊರತಂದ. ಗುಣವಾದವರ ಜೊತೆಗೆ ಗುಣವಾಗದವರ ಕಥೆಯನ್ನೂ, ಮೊದಮೊದಲು ತಾನೇ ಹೆಚ್ಚು ಪ್ರಮಾಣ ಕೊಟ್ಟಿದ್ದನ್ನೂ ಮುಚ್ಚಿಡದೆ ಬರೆದ. ವಸ್ತುಗಳು ಹಳದಿ ಇಲ್ಲವೇ ಹಸಿರಾಗಿ ಕಾಣುವುದನ್ನೂ ಬರೆದಿದ್ದಾನೆ. ಅದನ್ನು ಓದಿದಾಗ ನನಗೆ ನಮ್ಮಜ್ಜಿಯ ಅನ್ನದ ತಟ್ಟೆ ಕಣ್ಣ ಮುಂದೆ ಬಂತು...

ಅದೇ ಪುಸ್ತಕದಲ್ಲಿ ಯಾರ್ಕ್‌ಷೈರಿನ ಒಬ್ಬ ವ್ಯಾಪಾರಿಯ ಪ್ರಸಂಗ ಇದೆ. ಗಂಡನ ಉಬ್ಬಸಕ್ಕೆ ಅಂತ ಹೆಂಡತಿ ಒಂದು ದೊಡ್ಡ ಹಿಡಿ ಹಸಿ ಎಲೆ ಕುದಿಸಿ ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದ. ವಿದರಿಂಗ್ ನೋಡುವಾಗ ಬಿಡದ ವಾಂತಿ, ಕಣ್ಣು ಮಂಜು, ನಾಡಿ ನಿಮಿಷಕ್ಕೆ 40. ಹೇಗೋ ಬದುಕಿಕೊಂಡ. ಆ ಹೆಂಗಸಿಗೆ ತನ್ನ ನಾಡಿನ ಮದ್ದು ಗೊತ್ತಿತ್ತು, ಅದರ ಪ್ರಮಾಣ ಗೊತ್ತಿರಲಿಲ್ಲ ಅಂತ ವಿದರಿಂಗ್ ಹೇಳುತ್ತಾನೆ. ಇದಕ್ಕಿಂತ ಚೆನ್ನಾಗಿ ಈ ಗಿಡದ ಇತಿಹಾಸವನ್ನು ಯಾರೂ ಹೇಳಿಲ್ಲ ಅನ್ನಿಸುತ್ತದೆ.

ಇನ್ನು ಆ ಮುದುಕಿ? ಅವಳ ಹೆಸರನ್ನು ವಿದರಿಂಗ್ ಬರೆಯಲಿಲ್ಲ. ಹಲವು ಕಡೆ "ಮದರ್ ಹಟನ್" ಅಂತ ಓದುತ್ತೀರಿ. ಅದು ನಿಜವಲ್ಲ. 1928ರಲ್ಲಿ ಪಾರ್ಕ್ ಡೇವಿಸ್ ಎಂಬ ಅಮೆರಿಕದ ಔಷಧ ಕಂಪನಿ ಮಾಡಿದ ಜಾಹೀರಾತಿನ ಚಿತ್ರದಿಂದ ಹರಡಿದ ಹೆಸರು ಅದು. ಹೆಸರಿಗಾಗಿ ವೈದ್ಯರ ನಡುವೆಯೂ ಜಗಳ ನಡೆಯಿತು. ಚಾರ್ಲ್ಸ್ ಡಾರ್ವಿನ್ನನ ತಾತ ಎರಾಸ್ಮಸ್ ಡಾರ್ವಿನ್ ವಿದರಿಂಗ್‌ನಿಂದಲೇ ಈ ಮದ್ದಿನ ಬಳಕೆ ತಿಳಿದು 1780ರಲ್ಲಿ ಅವನಿಗಿಂತ ಮೊದಲೇ ಅಚ್ಚು ಮಾಡಿಸಿದ. ಸ್ನೇಹ ಮುರಿಯಿತು. ವಿದರಿಂಗ್ 1799ರಲ್ಲಿ ತೀರಿಕೊಂಡ. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಚರ್ಚಿನಲ್ಲಿರುವ ಅವನ ಸ್ಮಾರಕದ ಮೇಲೆ ಈ ಹೂವು ಕೆತ್ತಿದೆ. ಮುದುಕಿಯ ಸಮಾಧಿ ಎಲ್ಲಿದೆಯೋ!

1930ರಲ್ಲಿ ಇದೇ ಕುಲದ ಇನ್ನೊಂದು ಗಿಡದ ಎಲೆಯಿಂದ ಸಿಡ್ನಿ ಸ್ಮಿತ್ ಡಿಗಾಕ್ಸಿನ್ ಬೇರ್ಪಡಿಸಿದ. ಇವತ್ತಿಗೂ ಅದನ್ನು ಗಿಡದಿಂದಲೇ ತೆಗೆಯುತ್ತಾರೆ. ನಮ್ಮ ಜೀವಕೋಶಗಳಿಗೆ ಸೋಡಿಯಂ ಹೊರಹಾಕುವ ಒಂದು ಪಂಪು ಇದೆ. ಡಿಗಾಕ್ಸಿನ್ ಅದನ್ನು ಸ್ವಲ್ಪ ತಡೆಯುತ್ತದೆ. ಅದರಿಂದ ಹೃದಯದ ಕೋಶದಲ್ಲಿ ಕ್ಯಾಲ್ಸಿಯಂ ಹೆಚ್ಚಿ ಬಡಿತಕ್ಕೆ ಬಲ ಬರುತ್ತದೆ, ವೇಗ ಇಳಿಯುತ್ತದೆ. ಜಾಸ್ತಿ ತಡೆದರೆ ಅದೇ ಹೃದಯ ತಾಳ ತಪ್ಪುತ್ತದೆ. ಮದ್ದಿಗೂ ವಿಷಕ್ಕೂ ನಡುವೆ ಜಾಗ ಬಹಳ ಕಿರಿದು. ಮುದುಕರಲ್ಲಿ ಮೂತ್ರಪಿಂಡ ನಿಧಾನವಾದ್ದರಿಂದ ಔಷಧಿ ಮೈಯಲ್ಲೇ ಉಳಿಯುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು. ಜ್ಯೇಷ್ಠಮಧು ಹೆಚ್ಚಾದರೆ ಪೊಟ್ಯಾಸಿಯಂ ಇಳಿಯುತ್ತದೆ. ಅಜ್ಜಿಯ ಕಷಾಯದ ಬಗ್ಗೆ ಡಾಕ್ಟರು ಅಷ್ಟು ವಿಚಾರಿಸಿದ್ದು ಅದಕ್ಕೇ.

1997ರಲ್ಲಿ ಸಾವಿರಾರು ರೋಗಿಗಳ ಮೇಲೆ ನಡೆದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಡಿಗಾಕ್ಸಿನ್‌ನಿಂದ ಹೃದಯ ಸೋತವರು ಆಸ್ಪತ್ರೆ ಸೇರುವುದು ಕಡಿಮೆಯಾಯಿತು, ಆದರೆ ಸಾವು ಕಡಿಮೆಯಾಗಲಿಲ್ಲ. ಬೇರೆ ಒಳ್ಳೆಯ ಔಷಧಿಗಳು ಬಂದಿರುವುದರಿಂದ ಈಗ ಇದರ ಬಳಕೆ ಮೊದಲಿನಷ್ಟಿಲ್ಲ.

ಗಿಡಮೂಲಿಕೆ ಅಂದಮೇಲೆ ಅಪಾಯ ಇಲ್ಲ ಅನ್ನುವವರಿಗೆ ಇನ್ನೊಂದು ಮಾತು. ಅದೇ 1997ರಲ್ಲಿ ಅಮೆರಿಕದಲ್ಲಿ ಹೊಟ್ಟೆ ಶುದ್ಧಿಗೆಂದು ಗಿಡಮೂಲಿಕೆ ತೆಗೆದುಕೊಂಡವರ ಹೃದಯದ ಬಡಿತ ಕೆಟ್ಟಿತು. ಹುಡುಕಿದರೆ, ಪ್ಲಾಂಟೇನ್ ಎಂಬ ಸಾಧು ಸೊಪ್ಪಿನ ಜೊತೆ ಡಿಜಿಟಾಲಿಸ್ ಎಲೆ ಬೆರೆತಿತ್ತು. ಹೂ ಬಿಡುವ ಮೊದಲು ಇದರ ಎಲೆಯನ್ನು ಕಾಂಫ್ರೆ ಎಂಬ ಇನ್ನೊಂದು ಸೊಪ್ಪೆಂದು ತಿಳಿದು ಚಹಾ ಮಾಡಿ ಕುಡಿದು ಆಸ್ಪತ್ರೆ ಸೇರಿದವರೂ ಯೂರೋಪಿನಲ್ಲಿದ್ದಾರೆ.

ನಮ್ಮ ಅಂಗಳದ ಕಣಗಿಲೆಯನ್ನೇ ನೋಡಿ. ಅದು ಬೇರೆ ಕುಟುಂಬದ ಗಿಡ, ಆದರೆ ಒಳಗಿರುವ ವಿಷ ಡಿಜಿಟಾಲಿಸ್ ಗುಂಪಿನದೇ. ಡಿಗಾಕ್ಸಿನ್ ವಿಷಕ್ಕೆ ಕೊಡುವ ಪ್ರತಿವಿಷ ಹಳದಿ ಕಣಗಿಲೆಯ ವಿಷಕ್ಕೂ ಕೆಲಸ ಮಾಡುತ್ತದೆ ಅಂತ ಶ್ರೀಲಂಕಾದ ವೈದ್ಯರು ತೋರಿಸಿದ್ದಾರೆ. ಕಣಗಿಲೆ ಹೂ ದೇವರಿಗೆ ಸರಿ, ನಮ್ಮ ಹೊಟ್ಟೆಗಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಜ್ಜಿಗೆ ಈ ಕಥೆ ಪೂರ್ತಿ ಹೇಳಿದೆ. ಗಮನವಿಟ್ಟು ಕೇಳಿ, "ಆ ಮುದುಕಿ ತೂಕ ಮಾಡಿ ಕೊಡ್ತಿದ್ಲಾ?" ಅಂದರು. ಗೊತ್ತಿಲ್ಲ ಅಜ್ಜಿ, ತೂಕ ಮಾಡಿದವನು ಡಾಕ್ಟರು ಅಂದೆ. "ಹಾಗಾದ್ರೆ ಇಬ್ರೂ ಬೇಕಾಯ್ತು" ಅಂದು ಗುಳಿಗೆಯ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟರು. ಆಮೇಲೆ ಕೊನೆಯವರೆಗೂ ಅದನ್ನು ತಾವಾಗಿ ಮುಟ್ಟಲಿಲ್ಲ.

ನಿಮ್ಮ ಮನೆಯ ಹಿರಿಯರ ಗುಳಿಗೆ ಡಬ್ಬಿಯನ್ನು ಇವತ್ತೊಮ್ಮೆ ತೆಗೆದು ನೋಡಿ. ಅವರು ಅನ್ನ ಹಳದಿ ಕಾಣ್ತದೆ ಅಂದರೆ, ದಯವಿಟ್ಟು ನಗಬೇಡಿ.