ಜೂಯಿ ಬಟ್ಟೆಯ ಚಿತ್ತಾರ: ಫ್ರೆಂಚ್ ಅಲಂಕಾರ ಪರಂಪರೆ ಮತ್ತು ಇಂದಿನ ಬ್ರ್ಯಾಂಡ್ ವಿನ್ಯಾಸ

ಹಳೆಯ ಅಲಂಕಾರ ಚಿತ್ತಾರವನ್ನು ಇಂದಿನ ಬ್ರ್ಯಾಂಡ್ ತನ್ನ ಗುರುತಾಗಿಸಿಕೊಳ್ಳುವಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು? ಫ್ರಾನ್ಸಿನ 'ತ್ವಾಲ್ ದ ಜೂಯಿ' ಎಂಬ ಅಚ್ಚಿನ ಬಟ್ಟೆಯನ್ನೂ ಡಿಯೋರ್ ಫ್ಯಾಷನ್ ಸಂಸ್ಥೆ ಅದನ್ನು ಬಳಸಿಕೊಂಡ ಬಗೆಯನ್ನೂ ಈ ಲೇಖನ ಪರಿಶೀಲಿಸುತ್ತದೆ. ಚಿತ್ತಾರದ ಗುರುತು ನೆಲೆಸಿರುವುದು ಅದರ ಕಥಾವಸ್ತುವಿಗಿಂತ ಹೆಚ್ಚಾಗಿ ರಚನಾಕ್ರಮದಲ್ಲಿ ಎಂಬುದು ಇಲ್ಲಿನ ವಾದ.

ಈ ಬಟ್ಟೆಯ ಚರಿತ್ರೆಯ ಬೇರು ಭಾರತದಲ್ಲಿದೆ. 17ನೇ ಶತಮಾನದಲ್ಲಿ ಭಾರತದಿಂದ, ಮುಖ್ಯವಾಗಿ ಕೋರಮಂಡಲ ತೀರದಿಂದ, ಹೋಗುತ್ತಿದ್ದ ಬಣ್ಣದ ಹತ್ತಿಬಟ್ಟೆಗೆ ಫ್ರಾನ್ಸಿನಲ್ಲಿ ಅಪಾರ ಬೇಡಿಕೆಯಿತ್ತು. ಹತ್ತಿಯ ಮೇಲೆ ಒಗೆದರೂ ಬಿಡದ ಬಣ್ಣ ಯುರೋಪಿಗೆ ಹೊಸದು. ರೇಷ್ಮೆ, ಉಣ್ಣೆ ಉದ್ಯಮಗಳನ್ನು ಕಾಪಾಡಲು ಅಲ್ಲಿನ ಸರ್ಕಾರ 1686ರಲ್ಲಿ ಈ ಬಟ್ಟೆಗಳನ್ನು ನಿಷೇಧಿಸಿತು. ನಿಷೇಧ ತೆರವಾದದ್ದು 1759ರಲ್ಲಿ. ಈ ನಡುವೆ, 1742ರಲ್ಲಿ, ದಕ್ಷಿಣ ಭಾರತದಲ್ಲಿದ್ದ ಜೆಸ್ಯೂಟ್ ಪಾದ್ರಿ ಕೂರ್ದೂ ಇಲ್ಲಿನ ಬಣ್ಣಗಾರರ ವಿಧಾನವನ್ನು ಹಂತ ಹಂತವಾಗಿ ಫ್ರಾನ್ಸಿಗೆ ಬರೆದು ಕಳಿಸಿದ್ದರು.

1760ರಲ್ಲಿ ಕ್ರಿಸ್ಟೋಫ್ ಫಿಲಿಪ್ ಓಬರ್‌ಕಾಂಫ್ ವರ್ಸೈಲ್ಸ್ ಬಳಿಯ ಜೂಯಿ-ಆನ್-ಜೋಸಾದಲ್ಲಿ, ಬಿಯೆವ್ರ್ ನದಿಯ ದಡದಲ್ಲಿ, ಅಚ್ಚಿನ ಕಾರ್ಖಾನೆ ಆರಂಭಿಸಿದ. ಮೊದಲು ಮರದ ಅಚ್ಚು. 1770ರ ಹೊತ್ತಿಗೆ ಕೆತ್ತಿದ ತಾಮ್ರಫಲಕ ಬಂತು. ಇದರಿಂದ ನವಿರಾದ ಗೆರೆಗಳ ದೊಡ್ಡ ಚಿತ್ರಗಳು ಸಾಧ್ಯವಾದವು. 1783ರಲ್ಲಿ ಚಿತ್ರಕಾರ ಜಾನ್-ಬಾಪ್ಟಿಸ್ಟ್ ಯುಎ ಆ ಕಾರ್ಖಾನೆಯ ಕೆಲಸಗಳನ್ನೇ ವಿನ್ಯಾಸದ ವಸ್ತುವಾಗಿಸಿದ.

ತಾಮ್ರಫಲಕದ ಈ ಅಚ್ಚಿನ ರಚನೆ ಗಮನಾರ್ಹ. ಬಿಳಿಯ ನೆಲದ ಮೇಲೆ ಕೆಂಪು, ನೀಲಿಯಂಥ ಒಂದೇ ಬಣ್ಣ. ನೆರಳನ್ನು ತೋರಿಸುವುದು ಗೆರೆಗಳ ದಟ್ಟಣೆ. ದೃಶ್ಯಗಳು ದ್ವೀಪಗಳಂತೆ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಯಾವ ದೃಶ್ಯವೂ ಕೇಂದ್ರವಲ್ಲವಾದ್ದರಿಂದ ಬಟ್ಟೆಯನ್ನು ಎಲ್ಲಿ ಕತ್ತರಿಸಿದರೂ ಚಿತ್ತಾರ ಗುರುತು ಸಿಗುತ್ತದೆ. ಗೋಡೆ, ಚೀಲ, ಪೆಟ್ಟಿಗೆಗಳಿಗೆ ಅದು ಒಗ್ಗುವುದು ಈ ಕಾರಣದಿಂದಲೇ.

1947ರಲ್ಲಿ ಪ್ಯಾರಿಸಿನ ಮೊಂತೇನ್ ರಸ್ತೆಯ ಡಿಯೋರ್ ಮಳಿಗೆಯ ಗೋಡೆಗಳಿಗೆ ಒಳಾಂಗಣ ವಿನ್ಯಾಸಕ ವಿಕ್ಟರ್ ಗ್ರಾಂಪಿಯೇರ್ ಈ ಬಟ್ಟೆಯನ್ನು ಹೊದಿಸಿದ. ಅಲ್ಲಿ ಚಿತ್ತಾರ ಬಹುಪಾಲು ಹಳೆಯ ರೂಪದಲ್ಲೇ ಉಳಿಯಿತು. 2018ರಲ್ಲಿ ಶಾಂತಿಯಿಯಲ್ಲಿ ಪ್ರದರ್ಶಿಸಿದ ಸಂಗ್ರಹದಲ್ಲಿ ಸಂಸ್ಥೆಯ ಆಗಿನ ವಿನ್ಯಾಸಕಿ ಮರಿಯಾ ಗ್ರಾಝಿಯಾ ಕಿಯುರಿ ಇನ್ನೊಂದು ಹಾದಿ ಹಿಡಿದರು: ಹಳೆಯ ಜೂಯಿ ಬಟ್ಟೆಯ ಕುರಿಗಾಹಿಗಳ ನವಿರು ದೃಶ್ಯಗಳ ಜಾಗಕ್ಕೆ ಕಾಡುಪ್ರಾಣಿಗಳು ಬಂದವು. ಒಂದೇ ಬಣ್ಣ, ಕೆತ್ತನೆಯ ಗೆರೆ, ಚದುರಿದ ದೃಶ್ಯಗಳ ಕ್ರಮ ಹಾಗೇ ಉಳಿದವು. ವಸ್ತು ಪೂರ್ತಿ ಬದಲಾದರೂ ನೋಡಿದವರಿಗೆ ಅದು ಜೂಯಿ ಬಟ್ಟೆಯೆಂದೇ ತಿಳಿಯುತ್ತದೆ.

ಇದೇ ಸಂಸ್ಥೆಯ 'ಕಾನಾಜ್' ವಿನ್ಯಾಸವೂ ಈ ವಾದವನ್ನು ಬೆಂಬಲಿಸುತ್ತದೆ. ಮೂರನೆಯ ನೆಪೋಲಿಯನ್ ಕಾಲದ ಶೈಲಿಯ ಕುರ್ಚಿಗಳ ಬೆತ್ತದ ಹೆಣಿಗೆ ಚೀಲದ ಚರ್ಮದ ಮೇಲೆ ಹೊಲಿಗೆಯಾಗಿ ಮೂಡಿದೆ. ಸಾಮಗ್ರಿ, ಬಳಕೆ ಎರಡೂ ಬೇರೆಯಾಗಿವೆ. ಜಾಲದ ಲೆಕ್ಕಾಚಾರ ಮಾತ್ರ ಉಳಿದಿದೆ.

ಆದ್ದರಿಂದ ವಿನ್ಯಾಸಕಾರ ಹಳೆಯ ಚಿತ್ತಾರದ ಮೇಲ್ಮೈಯನ್ನು ನಕಲು ಮಾಡುವ ಮೊದಲು ಅದರ ವ್ಯಾಕರಣವನ್ನು ಓದಬೇಕು. ಅದರ ಪೂರ್ವಾಪರವನ್ನೂ ಹೇಳಬೇಕು. ಜೂಯಿ ಬಟ್ಟೆಯನ್ನು ಕೇವಲ ಫ್ರೆಂಚ್ ಸೊಬಗೆಂದು ಮಾರುವ ಬ್ರ್ಯಾಂಡ್, ಹತ್ತಿಗೆ ಬಣ್ಣ ಕಚ್ಚಿಸುವ ವಿದ್ಯೆಯನ್ನು ಕಲಿಸಿದ ಭಾರತದ ಬಣ್ಣಗಾರರನ್ನು ಕಥೆಯಿಂದ ಹೊರಗಿಟ್ಟಂತೆ. ಆ ಋಣವನ್ನು ದಾಖಲಿಸದ ಅಳವಡಿಕೆ ಎಷ್ಟೇ ಅಂದವಾಗಿದ್ದರೂ ಅಪೂರ್ಣ.