ಕಲ್ಯಾಣಕ್ಕೆ ಕಾದವರು, ಸಾವಿರ ವರ್ಷಕ್ಕೆ ಕಾದವರು

ಪತ್ರಿಕೋದ್ಯಮ ಓದಿದ ನಮಗೆಲ್ಲ ಜುಲೈ 1 ಬಾಯಿಪಾಠ. 1843ರ ಆ ದಿನ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಹೊರತಂದರು. ಕಲ್ಲಚ್ಚು, ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಬೆಲೆ ಒಂದು ದುಡ್ಡು. ಪರೀಕ್ಷೆಗೆ ಇಷ್ಟು ಸಾಕಿತ್ತು. ಆದರೆ ಜರ್ಮನಿಯ ಆ ಹುಡುಗ ಇಷ್ಟು ದೂರ ಯಾಕೆ ಬಂದ ಎಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಕೇಳಲಿಲ್ಲ. ‘ಮತ ಪ್ರಚಾರಕ್ಕೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಅದರ ಹಿಂದೆ ಒಂದು ದೊಡ್ಡ ಕಾಯುವಿಕೆ ಇತ್ತು.

ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ, ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಅಲ್ಲಿನ ಭಕ್ತ ಕುಟುಂಬಗಳು ಬೈಬಲ್‌ನ ಕೊನೆಯ ಪುಸ್ತಕವಾದ ‘ಪ್ರಕಟನೆ’ಯನ್ನು ನಾವು ಪಂಚಾಂಗ ನೋಡುವ ಹಾಗೆ ನೋಡುತ್ತಿದ್ದವು. ಕ್ರಿಸ್ತ ಮರಳಿ ಬರುತ್ತಾನೆ, ಸೈತಾನನಿಗೆ ಸಂಕೋಲೆ ಬೀಳುತ್ತದೆ, ಸಾವಿರ ವರ್ಷ ನೀತಿಯ ಆಳ್ವಿಕೆ ನಡೆಯುತ್ತದೆ ಎಂಬುದು ಅವರ ನಂಬಿಕೆ. ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಆ ಸೀಮೆಯ ಪಂಡಿತರು (1687–1752) ಇದಕ್ಕೆ ಲೆಕ್ಕವನ್ನೇ ಹಾಕಿ, 1836ರಲ್ಲಿ ಲೋಕ ತಿರುವು ಪಡೆಯುತ್ತದೆ ಎಂದು ಬರೆದಿದ್ದರು. ಬೆಂಗೆಲ್ ಬೀದಿಯ ಜೋಯಿಸರಲ್ಲ. ಬೈಬಲ್‌ನ ಗ್ರೀಕ್ ಮೂಲಪಾಠವನ್ನು ಪರಿಷ್ಕರಿಸಿದ ವಿದ್ವಾಂಸರು. ಹಾಗಾಗಿ ಜನ ಅವರ ಲೆಕ್ಕವನ್ನು ನಂಬಿದರು.

ಈ ನಡುವೆ ಹೊಟ್ಟೆಯ ಸಂಕಟವೂ ಸೇರಿಕೊಂಡಿತು. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು, ಬರ ಬಂತು. 1817ರ ಹೊತ್ತಿಗೆ ವುರ್ಟೆಂಬರ್ಗ್‌ನ ಸಾವಿರಾರು ಜನ ರಷ್ಯಾದ ಕಡೆ ಗುಳೆ ಹೊರಟರು. ಅಂತ್ಯಕಾಲದಲ್ಲಿ ಆಶ್ರಯ ಪೂರ್ವದಲ್ಲಿ ಸಿಗುತ್ತದೆ ಎಂದು ನಂಬಿದವರೂ ಅವರಲ್ಲಿದ್ದರು. ಹೀಗೆ ಜನ ಖಾಲಿಯಾಗುವುದನ್ನು ತಡೆಯಲು ದೊರೆ ಅವರಿಗೆ ತಮ್ಮದೇ ಊರು ಕಟ್ಟಿಕೊಳ್ಳಲು ಅನುಮತಿ ಕೊಟ್ಟ. 1819ರಲ್ಲಿ ಹುಟ್ಟಿದ ಆ ಊರು ಕೋರ್ನ್‌ಟಾಲ್. ಬಾಸೆಲ್ ಮಿಷನ್ ಹುಟ್ಟಿದ್ದೂ ಇದೇ ಕಾಲದಲ್ಲಿ, 1815ರಲ್ಲಿ. ಎಲ್ಲ ಜನಾಂಗಗಳಿಗೂ ಸುವಾರ್ತೆ ಮುಟ್ಟಿದ ಮೇಲೆಯೇ ಅಂತ್ಯ ಎಂದು ಬೈಬಲ್ ಹೇಳುತ್ತದೆ. ಅಂದರೆ ಮಂಗಳೂರಿಗೆ ಹೋಗಿ ಸಾರುವುದೂ ದೇವರ ರಾಜ್ಯವನ್ನು ಹತ್ತಿರ ತರುವ ಕೆಲಸವೇ.

1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮೋಗ್ಲಿಂಗ್ ಬಂದಿದ್ದು 1836ರ ಕೊನೆಯಲ್ಲಿ, ಬೆಂಗೆಲ್ ಹೇಳಿದ ವರ್ಷದಲ್ಲೇ. ಲೋಕವೇನೂ ತಿರುಗಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಗಾವಡಗೆರೆ ಸುತ್ತಿನವರಿಗೆ ನೀಲಗಾರರ ತಂಬೂರಿ, ಗಗ್ಗರ, ಡಕ್ಕೆಯ ಸದ್ದು ಹೊಸದಲ್ಲ. ಅವರು ಹಾಡುವ ಮಂಟೇಸ್ವಾಮಿ ಕಥೆ ಕಲ್ಯಾಣದಿಂದಲೇ ಶುರುವಾಗುತ್ತದೆ. ಮಂಟೇಸ್ವಾಮಿ ಕೊಳಕು ಬಡವನ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬಂದು, ನಿಜ ಶರಣರು ಯಾರು ಎಂದು ಪರೀಕ್ಷಿಸುತ್ತಾನೆ. 12ನೇ ಶತಮಾನದಲ್ಲಿ ಕಲ್ಯಾಣ ಒಡೆದು ಶರಣರು ಚದುರಿದರು. ಆದರೆ ಆ ಕನಸು ಸಾಯಲಿಲ್ಲ. ಕಾಲಜ್ಞಾನ ಎಂಬ ಹೆಸರಲ್ಲಿ ಒಂದು ಸಾಹಿತ್ಯವೇ ಬೆಳೆಯಿತು. ಮುಂದೊಂದು ದಿನ ವೀರ ವಸಂತರಾಯ ಬರುತ್ತಾನೆ, ಶರಣರು ಮರಳುತ್ತಾರೆ, ಕಲ್ಯಾಣ ಮತ್ತೆ ಕಲ್ಯಾಣವಾಗುತ್ತದೆ ಎಂಬುದು ಅದರ ತಿರುಳು. ಈಗಿನ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆ ಅದನ್ನು ಅಮರಗನ್ನಡ ಎಂಬ ಗುಪ್ತ ಲಿಪಿಯಲ್ಲಿ ಬರೆದು ಕಾಪಾಡಿತು.

ಈ ಎರಡು ಕಾಯುವಿಕೆಗಳು ಒಮ್ಮೆ ಮುಖಾಮುಖಿಯಾದವು ಎಂದು ತಿಳಿದಾಗ ನಾವು ಬೆರಗಾದೆವು. 1840ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ಕಾಲಜ್ಞಾನ ನಂಬಿದ ಒಂದು ಪಂಗಡದವರು ಮಿಷನರಿಗಳ ಸಂಪರ್ಕಕ್ಕೆ ಬಂದರು. ಬರಬೇಕಾದ ಕಾಲ ಬಂತೇ ಎಂಬ ಆಸೆ ಅವರಿಗೆ. ಒಂದು ಜನಸಮೂಹವೇ ಕ್ರಿಸ್ತನ ಬಾಗಿಲಿಗೆ ಬಂತೇ ಎಂಬ ಆಸೆ ಇವರಿಗೆ. ಮೋಗ್ಲಿಂಗ್ ಅಂತೂ ಬಹಳ ಹುರುಪಾದರು. ಬರುವವರಿಗೆ ನೆಲೆ ಬೇಕೆಂದು ಗದಗ–ಬೆಟಗೇರಿ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ಒಂದು ವಸಾಹತು ಶುರುವಾಯಿತು. ಊರು ಕಟ್ಟಿ ಕಾಯುವುದು ಕೋರ್ನ್‌ಟಾಲ್ ಸೀಮೆಯವರಿಗೆ ಗೊತ್ತಿದ್ದ ದಾರಿ.

ಆದರೆ ನಿರೀಕ್ಷಿಸಿದ ಜನ ಬರಲಿಲ್ಲ. ವಸಾಹತು ನಿಲ್ಲಲಿಲ್ಲ. ನಮಗೆ ಅನ್ನಿಸುವುದು ಇಷ್ಟು: ಒಬ್ಬರು ಕಾಯುತ್ತಿದ್ದುದು ಕಲ್ಯಾಣಕ್ಕೆ, ಇನ್ನೊಬ್ಬರು ಕಾಯುತ್ತಿದ್ದುದು ಯೆರೂಸಲೇಮಿಗೆ. ಇಬ್ಬರೂ ಎದುರಿನವರ ಮಾತಿನಲ್ಲಿ ತಮ್ಮ ಉತ್ತರವನ್ನೇ ಕೇಳಿಸಿಕೊಂಡರು.

ಆ ಸೋಲಿನ ನಂತರದ ಮೋಗ್ಲಿಂಗ್ ನಮಗೆ ಹೆಚ್ಚು ಹತ್ತಿರದವರು. ಪತ್ರಿಕೆ ಬಂದಿದ್ದು ಆಮೇಲೆ. ಅದರಲ್ಲಿ ಊರ ಸುದ್ದಿ, ಕಂಪನಿ ಸರ್ಕಾರದ ಕಾನೂನು, ಕಥೆ ಎಲ್ಲಕ್ಕೂ ಜಾಗ ಸಿಕ್ಕಿತು. ಮುಂದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಇದರ ಹಿಂದೆ, ಜನ ಏನು ನಂಬುತ್ತಾರೆ ಎಂದು ಮೊದಲು ಓದಿ ತಿಳಿಯಬೇಕು ಎಂಬ ಪಾಠವೂ ಇದ್ದಿರಬೇಕು ಎಂದುಕೊಳ್ಳುತ್ತೇವೆ.

1850ರ ದಶಕದಲ್ಲಿ ಅವರು ನಮ್ಮ ಪಕ್ಕದ ಕೊಡಗಿಗೆ ಬಂದರು. ಪತ್ರಿಕೆ ಹುಟ್ಟಿದ 1843ರಲ್ಲೇ ಕಂಪನಿ ಸರ್ಕಾರ ಜೀತಗುಲಾಮಿಗೆ ಕಾನೂನಿನ ಬಲ ಇಲ್ಲವೆಂದು ಮಾಡಿತ್ತು. ಆದರೆ ಕೊಡಗಿನ ಹೊಲೆಯರು ಆಗಲೂ ಒಕ್ಕಲು ಮನೆಗಳ ಜೀತದಲ್ಲೇ ಇದ್ದರು. ಅವರಲ್ಲಿ ಕ್ರೈಸ್ತರಾದವರಿಗಾಗಿ ಅಮ್ಮತ್ತಿ ಹತ್ತಿರ ಆನಂದಪುರ ಎಂಬ ಊರು ಎದ್ದಿತು. ನೆಲ ಇತ್ತು, ಕಾಫಿ ಇತ್ತು. ಮೋಗ್ಲಿಂಗ್ 1860ರಲ್ಲಿ ದೇಶಕ್ಕೆ ಮರಳಿದರು, 1881ರಲ್ಲಿ ತೀರಿಕೊಂಡರು. ಮಲ್ಲಸಮುದ್ರದ ಪ್ರಯೋಗ ಉಳಿಯಲಿಲ್ಲ, ಆನಂದಪುರ ಊರಾಗಿ ಉಳಿಯಿತು. ಬರುವ ರಾಜ್ಯದ ಮಾತಿಗಿಂತ ಜೀತ ಬಿಟ್ಟು ನಿಲ್ಲಲು ಒಂದು ಅಂಗೈಯಗಲ ನೆಲ ದೊಡ್ಡದಾಗಿತ್ತೇನೋ. ಪಿರಿಯಾಪಟ್ಟಣ, ಕೋಟೆ ಕಡೆಯಿಂದ ಇಂದಿಗೂ ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುವವರನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ಕೆ.ಆರ್. ನಗರ ತಾಲ್ಲೂಕಿನ ಡೋರ್ನಹಳ್ಳಿಯ ಸಂತ ಅಂತೋಣಿಯವರ ಜಾತ್ರೆಗೆ ಎಲ್ಲ ಜಾತಿಯವರೂ ಹೋಗುತ್ತಾರೆ. ಅಲ್ಲಿ ಮೇಣದಬತ್ತಿ ಹಚ್ಚುವವರು ಕೇಳುವುದು ಮಳೆ, ಮಗು, ಸಾಲದಿಂದ ಬಿಡುಗಡೆ. ಮೈಲಾರದ ಕಾರಣಿಕ ಕೇಳಲು ನೆರೆಯುವ ಜನ ಹುಡುಕುವುದೂ ಅದನ್ನೇ. ಟಿವಿಯವರು ಮಾತ್ರ ಆ ಒಂದು ಸಾಲನ್ನು ಹಿಡಿದು, ಯಾವ ಸರ್ಕಾರ ಬೀಳುತ್ತದೆ ಎಂದು ಇಡೀ ದಿನ ಚರ್ಚೆ ನಡೆಸುತ್ತಾರೆ.

ಭವಿಷ್ಯ ನಿಜವಾಯಿತೇ, ಸುಳ್ಳಾಯಿತೇ ಎಂದು ಬರೆಯುವುದು ಸುಲಭ. 1836ರ ಲೆಕ್ಕ ತಪ್ಪಿತು ಎಂದು ನಗುವುದು ಇನ್ನೂ ಸುಲಭ. ಆದರೆ ಕಾಯುವವನ ಮನೆಯಲ್ಲಿ ಏನು ಇಲ್ಲ ಎಂದು ಕೇಳಿ ಬರೆಯುವುದೇ ನಮ್ಮ ಕಸುಬು. ಮುಂದಿನ ಜುಲೈ 1ಕ್ಕೆ ಮೋಗ್ಲಿಂಗ್ ಫೋಟೋಗೆ ಹಾರ ಹಾಕುವಾಗ ಮಲ್ಲಸಮುದ್ರವನ್ನೂ ನೆನೆಯೋಣ.